ಬಸಿರಿನ ತಿಂಗಳ ಲೆಕ್ಕ

ಸೋಗಾನೆ ಎಂದರೆ ಹೊರಗಿನವರಿಗೆ ನೆನಪಾಗುವುದು ವಿಮಾನ ನಿಲ್ದಾಣ, ಇಲ್ಲವೆ ಕಾರಾಗೃಹ. ಊರಿನಲ್ಲೇ ಇರುವ ನಮ್ಮಂಥವರಿಗೆ ಎರಡರ ಗೊಡವೆಯೂ ಅಷ್ಟಾಗಿ ಇಲ್ಲ. ನಮ್ಮ ದಿನ ಮೊದಲಾಗುವುದು ಹಾಲಿನ ಅಜ್ಜಿಯ ಕೂಗಿನಿಂದ. ಶಿವಮೊಗ್ಗದ ಕಾಲೇಜಿಗೆ ಹೋಗಿ ಹಳಗನ್ನಡದ ಪಾಠ ಹೇಳಿ ಸಂಜೆ ಹಿಂದಿರುಗುವ ನನಗೆ ಆ ಅಜ್ಜಿ ಒಂದು ರಾತ್ರಿ ಹಾಕಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಅದು ೨೦೨೩ರ ನವೆಂಬರ್ ೧೯, ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಕೊನೆಯ ಪಂದ್ಯ ಮುಗಿದು, ನಮ್ಮ ಬೀದಿಯವರೆಲ್ಲ ಸಪ್ಪೆ ಮುಖದಿಂದ ದೀಪ ಆರಿಸುತ್ತಿದ್ದ ಹೊತ್ತು. ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜಿ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು, "ಮೇಷ್ಟ್ರೇ, ಪಂಚಾಂಗ ಇದೆಯಾ?" ಎಂದಳು.

ಅವಳ ಮೊಮ್ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಮಧ್ಯಾಹ್ನದಿಂದ ನಡುನೋವು ಬಂದು ಬಂದು ಹೋಗುತ್ತಿತ್ತಂತೆ. "ಇನ್ನೂ ಎಂಟು ತುಂಬಿಲ್ಲ ಮೇಷ್ಟ್ರೇ. ಏಳರ ಕೂಸು ಉಳಿದೀತು, ಎಂಟರದು ಉಳಿಯಲ್ಲ. ಈಗ ಕರಕೊಂಡು ಹೋಗಿ ಏನು ಮಾಡೋದು? ಇದು ಸುಳ್ಳು ನೋವೋ, ನಿಜದ ನೋವೋ, ನಕ್ಷತ್ರ ನೋಡಿ ಹೇಳಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಕ್ಷತ್ರ ನೋಡಿ ನೋವಿನ ನಿಜ ಹೇಳುವ ವಿದ್ಯೆ ನನ್ನಲ್ಲಿಲ್ಲ. ನನ್ನ ಹೆಂಡತಿ ಅಜ್ಜಿಯ ಜೊತೆಗೇ ಅವರ ಮನೆಗೆ ಹೋಗಿ ಹುಡುಗಿಯ ತಾಯಿ ಕಾರ್ಡನ್ನು ತಂದಳು. ನೋಡಿದರೆ ಅದರಲ್ಲಿ ಹೆರಿಗೆಯ ದಿನ ಒಂದಲ್ಲ, ಎರಡು. ಆಶಾ ಕಾರ್ಯಕರ್ತೆ ಹುಡುಗಿಯನ್ನು ಕೇಳಿ ಬರೆದುಕೊಂಡ ಲೆಕ್ಕದಂತೆ ಡಿಸೆಂಬರ್ ೪. ಆರನೆಯ ತಿಂಗಳಲ್ಲಿ ಪಟ್ಟಣದ ಒಂದು ಕಡೆ ಮಾಡಿಸಿದ ಮೊದಲ ಸ್ಕ್ಯಾನಿಂಗ್‌ನಂತೆ ಡಿಸೆಂಬರ್ ೧೭. ಅಜ್ಜಿಯ ಎಣಿಕೆಯಂತೆ ಹೆರಿಗೆ ಜನವರಿಗೆ. ಮೊದಲನೆಯದು ಸರಿಯಾದರೆ ಆ ರಾತ್ರಿಗೆ ಮೂವತ್ತೆಂಟು ವಾರಕ್ಕೆ ಒಂದೇ ದಿನ ಕಡಿಮೆ, ಅಂದರೆ ದಿನ ತುಂಬಿದ ಕೂಸು. ಎರಡನೆಯದು ಸರಿಯಾದರೆ ಮೂವತ್ತಾರು ವಾರ, ಸ್ವಲ್ಪ ಮುಂಚೆ ಬಂದದ್ದು. ಅಜ್ಜಿಯದು ಸರಿಯಾದರೆ ಎಂಟು ತುಂಬದ ಕೂಸು. "ಬರೆದವರೇ ಎರಡು ದಿನ ಬರೆದವರೆ. ಯಾವುದನ್ನ ನಂಬೋದು?" ಎಂಬುದು ಅಜ್ಜಿಯ ವಾದ. ಆ ವಾದವನ್ನು ಸುಲಭವಾಗಿ ತಳ್ಳಿಹಾಕುವ ಹಾಗಿರಲಿಲ್ಲ.

ಆ ರಾತ್ರಿ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಬಸಿರಿನ ತಿಂಗಳನ್ನು ನಮ್ಮ ಹಿಂದಿನವರು ಹೇಗೆ ಎಣಿಸಿದರು, ಮೂರು ಲೆಕ್ಕ ಮೂರು ಕಡೆ ಎಳೆಯುವುದೇಕೆ ಎಂಬುದನ್ನು ಅನಂತರ ಬಿಡುವಾದಾಗ ನೋಡುತ್ತ ಹೋದೆ. ಅದು ವೈದ್ಯದ ಚರಿತ್ರೆಯಷ್ಟೇ ಅಲ್ಲ. ಹೆಣ್ಣಿನ ಮಾತಿಗೆ ಯಾರು ಎಷ್ಟು ಬೆಲೆ ಕೊಟ್ಟರೆಂಬ ಚರಿತ್ರೆಯೂ ಹೌದೆಂದು ತೋರಿತು.

ಮೊದಲು ನಮ್ಮ ಮಾತನ್ನೇ ನೋಡೋಣ. ಹಳಗನ್ನಡದಲ್ಲಿ 'ಬಸಿರ್' ಎಂದರೆ ಹೊಟ್ಟೆ. ಹೊಟ್ಟೆಯಲ್ಲಿರುವ ಕೂಸಿಗೂ ಆ ಸ್ಥಿತಿಗೂ ಅದೇ ಮಾತು ನಿಂತಿತು. 'ಸೂಲ್' ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. 'ತಿಂಗಳು' ಎಂಬ ಮಾತಿಗೆ ಚಂದ್ರನೆಂದೂ ಅರ್ಥ, ಮಾಸವೆಂದೂ ಅರ್ಥ. ಹೆಂಗಸರ ಮುಟ್ಟಿನ ಮಾತಿಗೂ ತಿಂಗಳೇ ಬೇಕು. ಬಸಿರಿನ ಲೆಕ್ಕಕ್ಕೂ ತಿಂಗಳೇ ಬೇಕು. 'ತಿಂಗಳು ನಿಂತಿತು' ಎಂದರೆ ಬಸಿರು ಮೊದಲಾಯಿತೆಂದು ಅರ್ಥ. ಆಕಾಶದ ಚಂದ್ರ, ಗೋಡೆಯ ಪಂಚಾಂಗ, ಹೆಣ್ಣಿನ ಮೈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ ನಮ್ಮ ಭಾಷೆ.

ಎಣಿಕೆಯಲ್ಲಿಯೂ ನಮ್ಮವರಿಗೆ ಎರಡು ಬಗೆಯಿದೆ. 'ಎಂಟು ತುಂಬಿತು' ಎಂದರೆ ಎಂಟು ತಿಂಗಳು ಮುಗಿದವು. 'ಎಂಟಕ್ಕೆ ಬಿತ್ತು' ಎಂದರೆ ಏಳು ಮುಗಿದು ಎಂಟನೆಯದು ನಡೆಯುತ್ತಿದೆ. ಒಬ್ಬಳು ತುಂಬಿದ ತಿಂಗಳನ್ನು ಹೇಳಿ, ಕೇಳಿದವಳು ಅದನ್ನು ಬಿದ್ದ ತಿಂಗಳೆಂದು ಹಿಡಿದರೆ ಅಲ್ಲಿಗೇ ಒಂದು ತಿಂಗಳ ಅಂತರ ಬೀಳುತ್ತದೆ. 'ನವಮಾಸ ಹೊತ್ತಳು' ಎನ್ನುವ ನಾವೇ, ಋಗ್ವೇದದಲ್ಲಿ ಕೂಸು ಹತ್ತನೆಯ ತಿಂಗಳಲ್ಲಿ ಹೊರಬರಲೆಂಬ ಪ್ರಾರ್ಥನೆ ಇರುವುದನ್ನು ಓದಿ ಬೆರಗಾಗುತ್ತೇವೆ. ಬೆರಗಾಗಬೇಕಾದ್ದಿಲ್ಲ. ಒಂಬತ್ತು ತುಂಬಿದ ಮೇಲೆ ಹತ್ತಕ್ಕೆ ಬೀಳಲೇಬೇಕಷ್ಟೆ.

ಈ ಲೆಕ್ಕವನ್ನು ದಿನಗಳಲ್ಲಿ ಹಾಕಿ ನೋಡಬಹುದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ ಒಂಬತ್ತು ತಿಂಗಳಿಗೆ ೨೬೬ ದಿನ. ಅದಕ್ಕೆ ನಮ್ಮ ಗಾದೆಯಂಥ ಮಾತಿನ 'ಒಂಬತ್ತು ದಿನ' ಸೇರಿಸಿದರೆ ೨೭೫. ಇಂದಿನ ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಹಿಡಿಯುವ ಲೆಕ್ಕ ೨೮೦ ದಿನ, ಅಂದರೆ ನಲವತ್ತು ವಾರ. ಪುಸ್ತಕ ಓದದ ನಮ್ಮ ಅಜ್ಜಿಯರು ಬಾಯಲ್ಲಿ ಉಳಿಸಿಕೊಂಡ ಲೆಕ್ಕಕ್ಕೂ ಆಸ್ಪತ್ರೆಯ ಲೆಕ್ಕಕ್ಕೂ ಇರುವ ಅಂತರ ಐದೇ ದಿನ. ಹಸುವಿನ ಗಬ್ಬವೂ ಹೆಚ್ಚುಕಡಿಮೆ ಇಷ್ಟೇ. ಎಮ್ಮೆಗೆ ಹತ್ತು ತಿಂಗಳು ದಾಟಬೇಕು. ನಮ್ಮ ಸಕ್ರೆಬೈಲು ಬಿಡಾರದ ಆನೆಗಾದರೆ ಇಪ್ಪತ್ತರಿಂದ ಇಪ್ಪತ್ತೆರಡು ತಿಂಗಳು. ಕೊಟ್ಟಿಗೆಯ ಪಕ್ಕದಲ್ಲೇ ಬೆಳೆದವರಿಗೆ ಇಂಥ ಲೆಕ್ಕ ಕಲಿಸಬೇಕಾದ್ದಿರಲಿಲ್ಲ.

ನಮ್ಮ ವೈದ್ಯಗ್ರಂಥಗಳು ತಿಂಗಳು ತಿಂಗಳಿಗೂ ಗುರುತು ಹೇಳುತ್ತವೆ. ಸುಶ್ರುತನ ಪ್ರಕಾರ ನಾಲ್ಕನೆಯ ತಿಂಗಳಲ್ಲಿ ಕೂಸಿನ ಹೃದಯ ವ್ಯಕ್ತವಾಗುತ್ತದೆ. ಆಗ ತಾಯಿ ಎರಡು ಹೃದಯದವಳು. ಅದರಿಂದಲೇ ಅವಳ ಆಸೆಗೆ 'ದೌಹೃದ'ವೆಂಬ ಹೆಸರು. ಕನ್ನಡದ ಮನೆಗಳಲ್ಲಿ ಅದಕ್ಕೆ ಬಯಕೆ ಎನ್ನುತ್ತಾರೆ. ಬಸುರಿಯ ಬಯಕೆಯ ಹಾಡುಗಳು ನಮ್ಮ ನಾಡಿನಲ್ಲಿ ಎಲ್ಲೆಡೆ ಇವೆ. ಅವುಗಳಲ್ಲಿ ಎಷ್ಟೋ ಹಾಡುಗಳು ಒಂದನೆಯ ತಿಂಗಳಿಂದ ಒಂಬತ್ತನೆಯ ತಿಂಗಳವರೆಗೆ ನಡೆಯುತ್ತವೆ. ಒಂದೊಂದು ತಿಂಗಳಿಗೆ ಒಂದೊಂದು ಹಣ್ಣು, ಒಂದೊಂದು ಅಡುಗೆ. ಇವನ್ನು ಬರಿಯ ಸಂಭ್ರಮದ ಹಾಡುಗಳೆಂದು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಈಗ ಅನಿಸುವುದೇನೆಂದರೆ, ಅಕ್ಷರವಿಲ್ಲದ ಮನೆಯಲ್ಲಿ ಅವು ತಿಂಗಳ ಪಟ್ಟಿಯೂ ಆಗಿದ್ದವು. ವಾಂತಿ ಯಾವಾಗ ನಿಲ್ಲಬೇಕು, ಕೂಸು ಯಾವಾಗ ಮಿಸುಕಬೇಕು ಎಂಬುದನ್ನು ಮದುವೆಯಾದ ಹುಡುಗಿ ಹಾಡಿನಲ್ಲೇ ಕಲಿಯುತ್ತಿದ್ದಳು.

ಸೀಮಂತವೂ ಹಾಗೆಯೇ ಲೆಕ್ಕದ ಒಂದು ಕಂಬ. ಆಶ್ವಲಾಯನ ಗೃಹ್ಯಸೂತ್ರ ಅದನ್ನು ನಾಲ್ಕನೆಯ ತಿಂಗಳಿಗೆ ಹೇಳುತ್ತದೆ. ಪಾರಸ್ಕರನದು ಆರು ಅಥವಾ ಎಂಟು. ನಮ್ಮ ಮನೆಗಳಲ್ಲಿ ಐದು, ಏಳು, ಒಂಬತ್ತು ಎಂದು ಬೆಸ ತಿಂಗಳನ್ನು ಹಿಡಿಯುವ ವಾಡಿಕೆ. ಸೂತ್ರಕಾರರಿಗೆ ಸಮ, ನಮಗೆ ಬೆಸ ಏಕಾಯಿತೆಂದು ಕೇಳಬಹುದು. ಏಳು ತುಂಬುವುದೂ ಎಂಟಕ್ಕೆ ಬೀಳುವುದೂ ಒಂದೇ ದಿನವಾದ್ದರಿಂದ ಈ ಭೇದ ಕಾಣುವಷ್ಟು ದೊಡ್ಡದಲ್ಲವೇನೋ.

ನಮ್ಮ ಜಿಲ್ಲೆಯ ಸೊರಬ, ಸಾಗರದ ಕಡೆ ಮನುಷ್ಯರಿಗಷ್ಟೇ ಅಲ್ಲ, ಭೂಮಿಗೂ ಸೀಮಂತವುಂಟು. ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆಯೆಂದು ಹೆಸರು. ಭತ್ತದ ಪೈರು ಹೊಡೆಯಾಗಿರುವ ಕಾಲ ಅದು. ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ, ಬಸುರಿಗೆ ಬಯಕೆ ಬಡಿಸಿದಂತೆ ಎಡೆಯಿಟ್ಟು ಚರಗ ಚೆಲ್ಲುತ್ತಾರೆ. ನಮ್ಮ ಹಾಲಿನ ಅಜ್ಜಿಯ ತವರು ಅದೇ ಕಡೆಯದು. ೨೦೨೩ರಲ್ಲಿ ಭೂಮಿ ಹುಣ್ಣಿಮೆ ಅಕ್ಟೋಬರ್ ೨೮ಕ್ಕೆ ಬಂದಿತ್ತು. ಅಂದೇ ರಾತ್ರಿ ಚಂದ್ರಗ್ರಹಣ. ಮೊಮ್ಮಗಳನ್ನು ಹೊರಗೆ ಬಿಡದೆ ಕಿಟಕಿಗೆ ಕಂಬಳಿ ಕಟ್ಟಿ ಕೂರಿಸಿದ್ದೆನೆಂದು ಅಜ್ಜಿ ಹೇಳಿದ್ದುಂಟು. ಅವಳ ಲೆಕ್ಕದಲ್ಲಿ ಅಂದಿಗೆ ಏಳು ತುಂಬಿ ಒಂದು ವಾರ. ಈ ಲೆಕ್ಕದಲ್ಲೇ ತಪ್ಪು ಅಡಗಿತ್ತು.

ಎಂಟನೆಯ ತಿಂಗಳ ಭಯ ಅಜ್ಜಿಯೊಬ್ಬಳದಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಯಿಂದ ಕೂಸಿಗೆ, ಕೂಸಿನಿಂದ ತಾಯಿಗೆ ಓಡಾಡುತ್ತ ನಿಲುಗಡೆಯಿಲ್ಲದೆ ಇರುತ್ತದೆ, ಆಗ ಹುಟ್ಟುವುದು ಅಪಾಯವೆಂದು ಚರಕನೂ ಸುಶ್ರುತನೂ ಬರೆದಿದ್ದಾರೆ. ದೂರದ ಗ್ರೀಸಿನಲ್ಲಿ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದ ಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿನ ಮೇಲೇ ಒಂದು ಪ್ರತ್ಯೇಕ ಗ್ರಂಥವಿದೆ. ಅಲ್ಲಿಯೂ ಇದೇ ಮಾತು, ಏಳರದು ಬದುಕುತ್ತದೆ, ಎಂಟರದು ಬದುಕುವುದಿಲ್ಲ. ಇದು ನಿಜವಲ್ಲ. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಬಲ. ಏಳರಲ್ಲಿ ಹುಟ್ಟಿದ್ದಕ್ಕಿಂತ ಎಂಟರಲ್ಲಿ ಹುಟ್ಟಿದ್ದಕ್ಕೆ ಉಳಿಯುವ ಅವಕಾಶ ಹೆಚ್ಚು. ಆದರೂ ಎರಡು ಸಾವಿರ ವರ್ಷ ಈ ನಂಬಿಕೆ ಎರಡು ನಾಗರಿಕತೆಗಳಲ್ಲಿ ಉಳಿದುಬಂದದ್ದೇಕೆ? ದಿನ ತುಂಬಿ ಹುಟ್ಟಿ ಉಳಿದ ಕೂಸನ್ನು, ಎಣಿಕೆ ತಪ್ಪಿದಾಗ 'ಏಳರದು' ಎಂದು ಕರೆದ ಪ್ರಸಂಗಗಳು ಹಲವಿರಬೇಕು. ಮದುವೆಯಾಗಿ ಏಳು ತಿಂಗಳಿಗೇ ಹುಟ್ಟಿದ ಗುಂಡು ಕೂಸಿನ ಮರ್ಯಾದೆಗೂ ಈ ನಂಬಿಕೆ ಆಸರೆಯಾಗಿದ್ದಿರಬಹುದು. ಹೀಗೆಂಬುದು ನನ್ನ ಊಹೆ. ವಾಚಕರು ಊಹೆಯೆಂದೇ ಇದನ್ನು ಸ್ವೀಕರಿಸಬೇಕು.

ಸುಶ್ರುತ ಹೆರಿಗೆಯ ಕಾಲವನ್ನು ಒಂಬತ್ತರಿಂದ ಹನ್ನೆರಡನೆಯ ತಿಂಗಳವರೆಗೂ ಚಾಚುತ್ತಾನೆ. ಮಹಾಭಾರತದ ಗಾಂಧಾರಿಯಂತೂ ಎರಡು ವರ್ಷ ಬಸಿರು ಹೊತ್ತು, ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ಹೊಟ್ಟೆ ಹಿಸುಕಿಕೊಂಡಳು. ಪುರಾಣದ ಮಾತು ಬಿಡೋಣ. ಹನ್ನೆರಡು ತಿಂಗಳ ಬಸಿರಿನ ಕತೆಗಳನ್ನು ನಮ್ಮ ಹಳ್ಳಿಗಳಲ್ಲಿಯೂ ಕೇಳುತ್ತೇವೆ. ಮುಟ್ಟು ಕ್ರಮವಾಗಿ ಬಾರದ ಹೆಣ್ಣಿಗೆ ಎರಡು ತಿಂಗಳು ಮುಟ್ಟು ನಿಂತು ಅನಂತರ ಬಸಿರಾದರೆ, ಮೊದಲು ನಿಂತ ದಿನದಿಂದ ಎಣಿಸಿದವರಿಗೆ ಅದು ಹನ್ನೆರಡಾಗಿ ಕಾಣುತ್ತದೆ. ಲೆಕ್ಕ ತಪ್ಪಿದ್ದು ಕೂಸಿನಿಂದಲ್ಲ, ಮೊದಲ ದಿನ ಹಿಡಿದದ್ದರಿಂದ.

ಆ ಮೊದಲ ದಿನ ಯಾರಿಗೆ ಗೊತ್ತಿರುತ್ತಿತ್ತು? ಹಳೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಹೆಂಗಸು ಹೊರಗಾದರೆ ಮೂರು ದಿನ ಪಡಸಾಲೆಯ ಆಚೆ, ನಾಲ್ಕನೆಯ ದಿನ ನೀರು. ಅತ್ತೆ, ನಾದಿನಿ, ಮಕ್ಕಳು ಎಲ್ಲರ ಕಣ್ಣಿಗೂ ಬೀಳುವಂತೆ ಅದು ನಡೆಯುತ್ತಿತ್ತು. ತಿಂಗಳು ನಿಂತದ್ದನ್ನು ಸೊಸೆ ಹೇಳುವ ಮುಂಚೆಯೇ ಅತ್ತೆ ಎಣಿಸಿರುತ್ತಿದ್ದಳು. ಆ ಪದ್ಧತಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಮಳೆಗಾಲದ ಮಲೆನಾಡಿನಲ್ಲಿ ಹೊರಗಿನ ಚಾವಡಿಯಲ್ಲಿ ಚಳಿಗೆ ಮುದುಡಿ ಮಲಗಿದವರ ಕಷ್ಟ ನಮ್ಮ ತಾಯಂದಿರಿಗೆ ಗೊತ್ತು. ಆದರೆ ಪದ್ಧತಿ ಹೋದ ಮೇಲೂ ಆ ಮಾತನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಉಳಿಯಿತು. ಮನೆಯವರು ನೋಡಿ ತಿಳಿಯುತ್ತಿದ್ದ ದಿನವನ್ನು ಈಗ ಹುಡುಗಿಯೇ ನೆನಪಿಟ್ಟು ಹೇಳಬೇಕು. ಕೇಳುವವರು ಸರಿಯಾಗಿ ಕೇಳಬೇಕು. ಹೇಳಿದರೆ ನಂಬಬೇಕು.

ಯೂರೋಪಿನ ವೈದ್ಯವೂ ಕೊನೆಗೆ ಬಂದು ನಿಂತದ್ದು ಇಲ್ಲಿಯೇ. ಹೈಡಲ್‌ಬರ್ಗಿನ ಪ್ರಾಧ್ಯಾಪಕ ಫ್ರಾನ್ಜ್ ಕಾರ್ಲ್ ನೇಗೆಲೆ (೧೭೭೮–೧೮೫೧) ಹೇಳಿದ ಸೂತ್ರವನ್ನೇ ಇಂದೂ ಜಗತ್ತಿನ ಆಸ್ಪತ್ರೆಗಳು ಬಳಸುತ್ತವೆ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸು. ಅವನಿಗಿಂತ ಹಿಂದೆ ಹಾಲೆಂಡಿನ ಬೋರ್‌ಹಾವೆ ಹೇಳಿದ ಮಾತನ್ನೇ ಅವನು ಆಧರಿಸಿದ್ದ. ಸೂತ್ರ ಸುಲಭ, ಆದರೆ ಇಪ್ಪತ್ತೆಂಟು ದಿನಕ್ಕೊಮ್ಮೆ ತಪ್ಪದೆ ಮುಟ್ಟಾಗುವ ಹೆಣ್ಣಿಗೆ ಮಾತ್ರ ಅದು ಒಪ್ಪುತ್ತದೆ. ಇನ್ನೊಂದು ತಮಾಷೆಯೂ ಉಂಟು. ಫೆಬ್ರುವರಿ ೨೭ಕ್ಕೆ ಮೊದಲು ಒಂಬತ್ತು ತಿಂಗಳು ಕೂಡಿಸಿ ಆಮೇಲೆ ಏಳು ದಿನ ಸೇರಿಸಿದರೆ ಡಿಸೆಂಬರ್ ೪ ಬರುತ್ತದೆ; ಮೊದಲು ಏಳು ದಿನ ಸೇರಿಸಿ ಆಮೇಲೆ ಒಂಬತ್ತು ತಿಂಗಳು ಕೂಡಿಸಿದರೆ ಡಿಸೆಂಬರ್ ೬. ಫೆಬ್ರುವರಿಗೆ ಇಪ್ಪತ್ತೆಂಟೇ ದಿನವಿರುವುದರ ಫಲ ಇದು. ಒಂದೇ ಸೂತ್ರ ಎರಡು ದಿನ ಹೇಳಬಲ್ಲುದಾದರೆ, ಹೆರಿಗೆಯ ದಿನವೆಂಬುದು ಒಂದು ಅಂದಾಜೇ ಹೊರತು ಮುಹೂರ್ತವಲ್ಲವೆಂಬುದು ಸ್ಪಷ್ಟ.

ಹೇಳಿದ ದಿನವನ್ನು ಒರೆಗೆ ಹಚ್ಚಿ ನೋಡುವ ಸಾಧನ ಕೈ. ನಮ್ಮ ನರ್ಸಮ್ಮಂದಿರಿಗೆ ಕಲಿಸುವ ಅಳತೆ ಹೀಗಿದೆ: ಗರ್ಭಕೋಶದ ಮೇಲಂಚು ಹನ್ನೆರಡನೆಯ ವಾರಕ್ಕೆ ಕಿಬ್ಬೊಟ್ಟೆಯ ಮೂಳೆಯ ಮೇಲೆ ಕೈಗೆ ಸಿಗುತ್ತದೆ, ಇಪ್ಪತ್ತನಾಲ್ಕಕ್ಕೆ ಹೊಕ್ಕುಳ ಮಟ್ಟ, ಮೂವತ್ತಾರಕ್ಕೆ ಎದೆಗೂಡಿನ ಕೆಳತುದಿ. ನಲವತ್ತಕ್ಕೆ ಕೂಸಿನ ತಲೆ ಕೆಳಗಿಳಿದು, ಮೇಲಂಚು ಮತ್ತೆ ಮೂವತ್ತೆರಡನೆಯ ವಾರದ ಮಟ್ಟಕ್ಕೆ ಬರುತ್ತದೆ. ಬರಿಯ ಎತ್ತರ ನೋಡಿದವರು ಎಂಟು ತಿಂಗಳೆನ್ನಬಹುದು. ಪಕ್ಕೆಗಳು ತುಂಬಿರುವುದನ್ನು ನೋಡಿದವರಿಗಷ್ಟೇ ದಿನ ತುಂಬಿದ್ದು ತಿಳಿಯುತ್ತದೆ. 'ಹೊಟ್ಟೆ ಇಳಿದಿದೆ' ಎಂದು ಸೂಲಗಿತ್ತಿಯರು ಹೇಳುವುದು ಇದನ್ನೇ.

ಸೂಲಗಿತ್ತಿ ಎಂದಾಗ ಪಾವಗಡ ತಾಲ್ಲೂಕು ಕೃಷ್ಣಾಪುರದ ನರಸಮ್ಮನವರನ್ನು ನೆನೆಯದಿರುವುದು ಹೇಗೆ? ಅಜ್ಜಿಯಿಂದ ಈ ಕೆಲಸ ಕಲಿತು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದವರು ಅವರು. ೨೦೧೮ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ ೨೫ರಂದು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ, ಹೇಗಿದೆ ಎಂದು ಹೇಳಬಲ್ಲವರಾಗಿದ್ದರು. ಅಕ್ಷರ ಕಲಿಯದ ಆ ಕೈಗಳಲ್ಲಿ ಒಂದು ಗ್ರಂಥಾಲಯವೇ ಇತ್ತು. ಅದನ್ನು ಬರೆದಿಟ್ಟುಕೊಳ್ಳುವ ಬುದ್ಧಿ ನಮ್ಮಂಥ ಓದಿದವರಿಗೆ ಬಹಳ ತಡವಾಗಿ ಬಂತು.

ಕೈಗೆ ಕಿವಿಯೂ ಜೊತೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲೆನೆಕ್ ಎಂಬ ಫ್ರೆಂಚ್ ವೈದ್ಯ ೧೮೧೬ರಲ್ಲಿ ಕಂಡುಹಿಡಿದ ಸ್ಟೆತಾಸ್ಕೋಪನ್ನು ಕೆರ್ಗರಾಡೆಕ್ ಎಂಬವನು ಬಸುರಿಯ ಹೊಟ್ಟೆಗಿಟ್ಟು ಕೂಸಿನ ಎದೆಬಡಿತ ಕೇಳಿದ. ಅದನ್ನು ಪ್ಯಾರಿಸಿನ ವೈದ್ಯರ ಅಕಾಡೆಮಿಗೆ ತಿಳಿಸಿದ್ದು ೧೮೨೧ರಲ್ಲಿ. ಅದಕ್ಕೂ ಮುಂಚೆ ಕೂಸಿನ ಜೀವಕ್ಕೆ ಸಾಕ್ಷಿಯೆಂದರೆ ತಾಯಿಗೆ ತಿಳಿಯುವ ಮಿಸುಕಾಟವೊಂದೇ. ಚೊಚ್ಚಲಲ್ಲಿ ಅದು ಸುಮಾರು ಹದಿನೆಂಟರಿಂದ ಇಪ್ಪತ್ತನೆಯ ವಾರಕ್ಕೆ ತಿಳಿಯುತ್ತದೆ. ಮುಂದಿನ ಬಸಿರುಗಳಲ್ಲಿ ಎರಡು ವಾರ ಮುಂಚೆಯೇ ತಿಳಿಯುತ್ತದೆ.

ಕಾನೂನು ಈ ಲೆಕ್ಕಕ್ಕೆ ಬಂದಾಗ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ. ೧೮೬೦ರ ಭಾರತ ದಂಡಸಂಹಿತೆಯ ೩೧೨ನೆಯ ಕಲಮು ಗರ್ಭಪಾತದ ಅಪರಾಧಕ್ಕೆ ಮೂರು ವರ್ಷದವರೆಗಿನ ಶಿಕ್ಷೆ ವಿಧಿಸಿ, ಕೂಸು ಮಿಸುಕಿದ ಮೇಲಾದರೆ ಏಳು ವರ್ಷದವರೆಗೆ ಎಂದಿತು. ಯಾರಿಗೂ ಕಾಣದ, ತಾಯಿಗೆ ಮಾತ್ರ ತಿಳಿಯುವ ಮಿಸುಕಾಟದ ಮೇಲೆ ನಾಲ್ಕು ವರ್ಷದ ಜೈಲು ನಿಂತಿತ್ತು. ೧೯೭೧ರ ವೈದ್ಯಕೀಯ ಗರ್ಭಪಾತ ಕಾಯಿದೆ ಆ ಗಡಿಯನ್ನು ವಾರಗಳಿಗೆ ತಂದಿತು: ಇಪ್ಪತ್ತು ವಾರ. ೨೦೨೧ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಅದನ್ನು ಇಪ್ಪತ್ತನಾಲ್ಕಕ್ಕೆ ಏರಿಸಿತು. ಅತ್ಯಾಚಾರಕ್ಕೊಳಗಾದ ಹುಡುಗಿಯೊಬ್ಬಳ ಪಾಲಿಗೆ ಎರಡು ವಾರದ ಲೆಕ್ಕ ಎಂದರೇನೆಂದು ಬಿಡಿಸಿ ಹೇಳಬೇಕಾದ್ದಿಲ್ಲ.

೧೮೭೨ರ ಸಾಕ್ಷ್ಯ ಕಾಯಿದೆಯ ೧೧೨ನೆಯ ಕಲಮಿನಲ್ಲಿ ನಮ್ಮ ೨೮೦ ದಿನವೇ ಬಂದು ಕೂತಿದೆ. ಮದುವೆ ಕೊನೆಗೊಂಡ ೨೮೦ ದಿನದೊಳಗೆ, ತಾಯಿ ಬೇರೆ ಮದುವೆಯಾಗದೆ ಇದ್ದು ಹುಟ್ಟಿದ ಕೂಸು ಆ ಗಂಡನದೇ; ಆ ಕಾಲದಲ್ಲಿ ಅವರಿಬ್ಬರೂ ಕೂಡಿರಲು ಅವಕಾಶವೇ ಇರಲಿಲ್ಲವೆಂದು ತೋರಿಸಿದ ಹೊರತು ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಕಲಮಿನಲ್ಲಿಯೂ ಇದೇ ಉಳಿದಿದೆ. ವೈದ್ಯರ ೨೮೦ ದಿನ ಮೊದಲಾಗುವುದು ಕೊನೆಯ ಮುಟ್ಟಿನಿಂದ. ಬಸಿರು ನಿಲ್ಲುವುದು ಅದಾದ ಸುಮಾರು ಎರಡು ವಾರಕ್ಕೆ. ಕಾನೂನಿನ ೨೮೦ ದಿನ ಮೊದಲಾಗುವುದು ಮದುವೆ ಕೊನೆಗೊಂಡ ದಿನದಿಂದ. ಆದ್ದರಿಂದ ಗಂಡ ತೀರಿಕೊಂಡ ಹೆಣ್ಣಿಗೆ ಈ ಕಲಮು ಎರಡು ವಾರದ ದಾಕ್ಷಿಣ್ಯ ತೋರಿದಂತಾಯಿತು. ಬೆರಳು ಮಡಚಿ ಎಣಿಸಿ ಹೆಣ್ಣನ್ನು ಶಂಕಿಸುವ ಸಮಾಜದಲ್ಲಿ ಆ ಎರಡು ವಾರ ಸಣ್ಣದಲ್ಲ.

ಇನ್ನು ಸ್ಕ್ಯಾನಿಂಗ್. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ತನ್ನ ಪ್ರಯೋಗಗಳಿಗೆ ಮೊದಲು ಬಳಸಿದ್ದು ಲೋಹದೊಳಗಿನ ಬಿರುಕು ಪತ್ತೆಹಚ್ಚುವ ಕಾರ್ಖಾನೆಯ ಯಂತ್ರವನ್ನು. ೧೯೨೩ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ಈ ಮಾತು ಬೇಗ ಅರ್ಥವಾದೀತು. ಕಿವಿಗೆ ಕೇಳದ ಸದ್ದನ್ನು ಒಳಗೆ ಕಳುಹಿಸಿ, ತಿರುಗಿ ಬರುವ ಪ್ರತಿಧ್ವನಿಯಿಂದ ಒಳಗಿನ ಆಕಾರ ತಿಳಿಯುವ ಈ ವಿಧಾನವನ್ನು ಅವನು ೧೯೫೮ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ. ಅದೇ ಊರಿನ ಹ್ಯೂ ರಾಬಿನ್‌ಸನ್ ೧೯೭೩ರಲ್ಲಿ, ಮೊದಲ ಮೂರು ತಿಂಗಳೊಳಗೆ ಕೂಸನ್ನು ನೆತ್ತಿಯಿಂದ ಬುಡದವರೆಗೆ ಅಳೆದರೆ ಐದಾರು ದಿನದ ಅಂತರದೊಳಗೆ ವಯಸ್ಸು ಹೇಳಬಹುದೆಂದು ತೋರಿಸಿದ. ಮುಟ್ಟಿನ ದಿನವೇ ನೆನಪಿಲ್ಲದ ಹೆಣ್ಣಿಗೆ ಇದು ದೊಡ್ಡ ಉಪಕಾರ.

ಆದರೆ ಇದಕ್ಕೂ ಒಂದು ಕಾಲವಿದೆ. ಎಳೆಯ ಪೈರೆಲ್ಲ ಒಂದೇ ಎತ್ತರ. ಬೆಳೆದ ಮೇಲೆ ಒಂದು ಎತ್ತರ, ಒಂದು ಗಿಡ್ಡ. ಕೂಸುಗಳೂ ಹಾಗೆಯೇ. ಆರನೆಯ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನ್ ಮಾಡಿದರೆ, ಸಣ್ಣ ಮೈಕಟ್ಟಿನ ಕೂಸನ್ನು ಯಂತ್ರ ಕಿರಿಯ ವಯಸ್ಸಿನದೆಂದು ಎಣಿಸುತ್ತದೆ. ಆ ಹೊತ್ತಿನಲ್ಲಿ ಎರಡು ವಾರದೊಳಗಿನ ಅಂತರ ಬಂದರೆ, ತಾಯಿ ಹೇಳಿದ ದಿನವನ್ನೇ ಹಿಡಿಯಬೇಕೆಂಬುದು ಪ್ರಸೂತಿಶಾಸ್ತ್ರದ ವಾಡಿಕೆ. ನಮ್ಮ ಹುಡುಗಿಯ ಎರಡು ದಿನಗಳಿಗೆ ಇದ್ದ ಅಂತರ ಹದಿಮೂರು ದಿನ. ಹಾಗಾದರೆ ಯಂತ್ರಕ್ಕಿಂತ ಅವಳ ಮಾತೇ ಮೇಲು.

ಈಗ ಆ ರಾತ್ರಿಗೆ ಹಿಂದಿರುಗೋಣ. ಈ ಶಾಸ್ತ್ರವೊಂದೂ ಆಗ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಹುಡುಗಿಯನ್ನು ಕೇಳಿದಳು, "ಡಿಸೆಂಬರ್ ನಾಲ್ಕು ಅಂತ ಬರೆಸಿದ್ದೀಯಲ್ಲಮ್ಮ, ದಿನ ಸರಿಯಾಗಿ ನೆನಪಿದೆಯಾ?" ಹುಡುಗಿ ನೋವಿನಲ್ಲಿಯೂ ಥಟ್ಟನೆ ಹೇಳಿದಳು: "ಏರ್‌ಪೋರ್ಟ್ ಓಪನಿಂಗ್ ದಿನ ಅಕ್ಕ. ಅವತ್ತು ಇಲ್ಲಿಗೇ ಬಂದಿದ್ದೆ. ಎಲ್ಲರೂ ನೋಡೋಕೆ ಹೋದರು. ನಾನು ಅವತ್ತೇ ಆದೆ, ಹೊಟ್ಟೆನೋವು ಅಂತ ಮನೇಲೇ ಉಳಿದೆ." ವಿಮಾನ ನಿಲ್ದಾಣದ ಉದ್ಘಾಟನೆ ೨೦೨೩ರ ಫೆಬ್ರುವರಿ ೨೭. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಯಾರಿಗೆ ಬೇಕು?

ಅಜ್ಜಿಗೆ ಬೇಕಾಗಿತ್ತು. "ಫಾಲ್ಗುಣದಲ್ಲಿ ತಾನೆ? ಚೈತ್ರ ಒಂದು, ವೈಶಾಖ ಎರಡು" ಎಂದು ಬೆರಳು ಮಡಚುತ್ತ ಬಂದು ಕಾರ್ತೀಕಕ್ಕೆ ಎಂಟು ಎಂದು ನಿಲ್ಲಿಸಿದಳು. ನಾನು ಪಂಚಾಂಗ ತೆರೆದೆ. ಶೋಭಕೃತ್ ಸಂವತ್ಸರದ ಆ ಪಂಚಾಂಗದಲ್ಲಿ ಶ್ರಾವಣ ಎರಡಿದ್ದವು: ಜುಲೈ ೧೮ರಿಂದ ಆಗಸ್ಟ್ ೧೬ರವರೆಗೆ ಅಧಿಕ, ಅದರ ಮೇಲೆ ನಿಜ. ಚಾಂದ್ರಮಾನದ ವರ್ಷಕ್ಕೆ ೩೫೪ ದಿನ, ಸೂರ್ಯನ ವರ್ಷಕ್ಕೆ ೩೬೫. ವರ್ಷಕ್ಕೆ ಹನ್ನೊಂದರಂತೆ ಹಿಂದೆ ಬೀಳುವ ದಿನಗಳನ್ನು ಸರಿದೂಗಿಸಲು ಸುಮಾರು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಸೌರಮಾನದ ತಿಂಗಳುಗಳನ್ನೇ ಎಣಿಸುವ ತುಳುನಾಡಿನವರಿಗೆ ಈ ತೊಡಕಿಲ್ಲ.

"ಅಧಿಕಮಾಸ ಲೆಕ್ಕಕ್ಕಿಲ್ಲ ಅಲ್ವಾ ಮೇಷ್ಟ್ರೇ?" ಎಂದಳು ಅಜ್ಜಿ.

"ಮದುವೆ ಮುಂಜಿಗೆ ಇಲ್ಲ ಅಜ್ಜಿ. ಹೊಟ್ಟೆಯೊಳಗಿನ ಕೂಸಿಗೆ ಉಂಟು."

ಅಜ್ಜಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆಗ ನನಗೆ ಕೊಟ್ಟಿಗೆಯ ನೆನಪಾಯಿತು. ಅದೇ ಶಿವರಾತ್ರಿ ಕಳೆದು ಎಂಟು ದಿನಕ್ಕೆ ಅವಳ ಹಸುವಿಗೆ ಗಬ್ಬ ಕಟ್ಟಿಸಿದ್ದರು. ಹುಣ್ಣಿಮೆಗೊಂದರಂತೆ ಅವಳು ಕೊಟ್ಟಿಗೆಯ ಗೋಡೆಗೆ ಇದ್ದಿಲಿನ ಗೀಟು ಎಳೆಯುವುದನ್ನು ನಾನು ಕಂಡಿದ್ದೆ. "ಹೋಗಿ ಹಸುವಿನ ಗೀಟು ಎಣಿಸಿ ಬಾ ಅಜ್ಜಿ" ಎಂದೆ. ಮೊಬೈಲ್ ದೀಪ ಹಿಡಿದು ಹೋದವಳು ಸ್ವಲ್ಪ ಹೊತ್ತು ಬರಲಿಲ್ಲ. ಬಂದವಳು, "ಒಂಬತ್ತು" ಎಂದಳು. ಫಾಲ್ಗುಣದಿಂದ ಆಶ್ವಯುಜದವರೆಗೆ ಹೆಸರು ಹಿಡಿದು ಎಣಿಸಿದರೆ ಹುಣ್ಣಿಮೆ ಎಂಟೇ. ಅಧಿಕ ಶ್ರಾವಣದ ಹುಣ್ಣಿಮೆಗೂ ಅವಳ ಕೈ ಗೀಟು ಎಳೆದಿತ್ತು. ಹಸುವಿಗೆ ಸರಿಯಾಗಿ ಎಣಿಸಿದ ಕೈ ಮೊಮ್ಮಗಳಿಗೆ ಒಂದು ತಿಂಗಳು ತಪ್ಪಿಸಿತ್ತು. ಅಜ್ಜಿ ಬೇರೆ ಮಾತಾಡಲಿಲ್ಲ. "ಆಟೋ ಕರೀರಿ" ಎಂದಳು.

ಮರುದಿನ ಬೆಳಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಎರಡೂಮುಕ್ಕಾಲು ಕಿಲೋ ತೂಕದ ಹೆಣ್ಣು ಕೂಸು, ದಿನ ತುಂಬಿದ್ದು, ಹುಟ್ಟುತ್ತಲೇ ಕೂಗಿತಂತೆ. ಡಿಸೆಂಬರಿನ ಮೊದಲ ವಾರದಲ್ಲಿ ಹಸುವೂ ಈಯಿತು. ಗಿಣ್ಣು ತಂದುಕೊಟ್ಟ ದಿನ ಅಜ್ಜಿ ನನ್ನ ಹೆಂಡತಿಯ ಹತ್ತಿರ ಮಾತ್ರ ಹೇಳಿದಳಂತೆ: "ಅವಳು ಮೊದಲೇ ಹೇಳಿದ್ದಳು ಅಕ್ಕಾ, ನನ್ನ ಲೆಕ್ಕ ಸರಿಯಿದೆ ಅಜ್ಜಿ ಅಂತ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಆ ಗೋಡೆಗೆ ಈಗ ಸುಣ್ಣ ಬಳಿದಿದ್ದಾರೆ. ಈ ಸಲ ಹಸುವಿನ ಗೀಟುಗಳ ಪಕ್ಕದಲ್ಲಿ ಇನ್ನೊಂದು ಸಾಲು ಕಾಣಿಸಿತು. ಕೇಳಿದಾಗ ಕಿರಿಯ ಮೊಮ್ಮಗಳದೆಂದು ತಿಳಿಯಿತು. ಮೊದಲ ಗೀಟನ್ನು ಎಳೆದದ್ದು ಅಜ್ಜಿಯಲ್ಲ, ಆ ಹುಡುಗಿಯೇ.